ಬರಿಗೋಡೆ, ಬಣ್ಣದ ಗೋಡೆ

ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ಅನುಕೂಲವಿದ್ದವನು ಸುತ್ತಲಿ, ಇಲ್ಲದವನು ಮನೆಯಲ್ಲಿ ಕುಳಿತು ಓದಲಿ ಎಂದು ಅದಕ್ಕೆ ಅರ್ಥ ಹೇಳುವವರುಂಟು. ನನಗೇನೋ ಎರಡನ್ನೂ ಒಟ್ಟಿಗೆ ಮಾಡಬೇಕೆಂದೇ ಅವರು ಹೇಳಿದರೆಂದು ತೋರುತ್ತದೆ. ಕೋಶವನ್ನು ಓದದೆ ಸುತ್ತಿದವನು ಕಲ್ಲನ್ನಷ್ಟೆ ಕಂಡು ಬರುತ್ತಾನೆ. ಸುತ್ತದೆ ಓದಿದವನ ಕೈಗೆ ಶಬ್ದವಷ್ಟೆ ಸಿಕ್ಕುತ್ತದೆ. ಕಲ್ಲೂ ಶಬ್ದವೂ ಒಂದೆಡೆ ಕೂಡಿದಾಗ ಹುಟ್ಟುವ ಅರಿವು ಬೇರೊಂದು ಬಗೆಯದು.

ಈ ಅರಿವನ್ನು ಗುರಿಯಾಗಿಟ್ಟುಕೊಂಡು ಪಾಶ್ಚಾತ್ಯ ದೇಶಗಳ ಕೆಲವು ವಿದ್ಯಾಲಯಗಳು ಬೇಸಗೆಯ ರಜೆಯಲ್ಲಿ ಒಂದು ವಿಶೇಷ ವ್ಯಾಸಂಗವನ್ನು ನಡೆಸುತ್ತವೆ. ವಿದ್ಯಾರ್ಥಿಗಳು ಕೆಲವು ವಾರಗಳ ಕಾಲ ಪರದೇಶಕ್ಕೆ ಹೋಗುತ್ತಾರೆ. ಬೆಳಗ್ಗೆ ಕ್ರೈಸ್ತ ದೇವಶಾಸ್ತ್ರದ ಒಂದು ಗ್ರಂಥಭಾಗವನ್ನು ಓದುತ್ತಾರೆ. ಮಧ್ಯಾಹ್ನ, ಅದೇ ನಂಬಿಕೆಯಿಂದ ಎದ್ದ ಪ್ರಾಚೀನ ದೇವಾಲಯವೊಂದರ ನಡುವೆ ಹೋಗಿ ನಿಲ್ಲುತ್ತಾರೆ. ಓದಿದ್ದನ್ನು ಕಣ್ಣಿನಿಂದ ಪರೀಕ್ಷಿಸುವುದು, ಕಂಡದ್ದನ್ನು ಓದಿನಿಂದ ತಿಳಿಯುವುದು, ಇದೇ ಅಲ್ಲಿಯ ಕ್ರಮ. ಪ್ಯಾರಿಸಿನ ಬಳಿಯ ಸಂತ ಡೆನಿಸ್ ಮಠದ ದೇವಾಲಯವನ್ನು ನೋಡಿರಿ. 1144ರಲ್ಲಿ ಅದರ ಪೂರ್ವಭಾಗವನ್ನು ಹೊಸದಾಗಿ ಕಟ್ಟಿಸಿ ಪ್ರತಿಷ್ಠೆ ಮಾಡಿಸಿದ ಮಠಾಧಿಪತಿ ಸ್ಯೂಜೆ, ಲೋಕದ ಬೆಳಕು ಮನಸ್ಸನ್ನು ದೇವರ ಬೆಳಕಿನೆಡೆಗೆ ಏರಿಸಬಲ್ಲುದು ಎಂದು ನಂಬಿದ್ದವನು. ಆ ನಂಬಿಕೆ ತಿಳಿಯದವನಿಗೆ ಅಲ್ಲಿ ಕಾಣುವುದು ದೊಡ್ಡ ದೊಡ್ಡ ಕಿಟಕಿಗಳು, ಬಣ್ಣದ ಗಾಜು. ತಿಳಿದವನಿಗೆ ಗೋಡೆಯನ್ನು ಅಷ್ಟು ತೆಳುವಾಗಿಸಿ ಕಿಟಕಿಯನ್ನು ಅಷ್ಟು ಹಿಗ್ಗಿಸಿದ್ದು ಏಕೆಂಬುದು ಹೊಳೆಯುತ್ತದೆ. ಗೋಥಿಕ್ ಶೈಲಿಯೆಂದು ಪಠ್ಯಪುಸ್ತಕಗಳು ಹೇಳುವ ಒಂದು ಯುಗವೇ ಅಲ್ಲಿಂದ ತೊಡಗಿತು.

ಈ ವರ್ಷ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇಂಥ ವ್ಯಾಸಂಗವೊಂದರ ಪ್ರಕಟಣೆಯನ್ನು ಕೈಯಲ್ಲಿ ಹಿಡಿದು ನನ್ನ ಬಳಿಗೆ ಬಂದಳು. ಆಕೆಯ ತಂದೆ ಬೆಳ್ಳಾರೆಯ ಆಚೆಗಿನ ಗ್ರಾಮವೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರು. ನಮ್ಮ ಸುಳ್ಯದ ಕಡೆಯ ತೋಟಗಳಿಗೆ ಹಳದಿ ಎಲೆ ರೋಗ ಬಡಿದ ಮೇಲೆ ಮಗಳನ್ನು ಯೂರೋಪಿಗೆ ಕಳುಹಿಸುವಷ್ಟು ಹಣ ಯಾವ ಮನೆಯಲ್ಲಿದೆ? "ಇದು ಆಗುವ ಮಾತಲ್ಲ, ಸರ್, ನನಗೂ ಗೊತ್ತು. ಆದರೆ ಈ ಕ್ರಮ ಚೆನ್ನಾಗಿದೆ ಎಂದು ಅನ್ನಿಸಿತು" ಎಂದಳು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬೇಕಾದದ್ದು ಕ್ರಮವಾದರೆ ಅದಕ್ಕೆ ವಿಮಾನದ ಟಿಕೇಟಿನ ಅಗತ್ಯವಿಲ್ಲ. ಇಲ್ಲಿಂದ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರು ದೂರದ ಮಂಗಳೂರಿನಲ್ಲಿಯೇ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬಹುದಾದ ಎರಡು ಗುಡ್ಡಗಳ ಮೇಲೆ, ಕ್ರೈಸ್ತ ದೇವಶಾಸ್ತ್ರದ ಎರಡು ದೊಡ್ಡ ಧಾರೆಗಳು ಕಟ್ಟಡಗಳಾಗಿ ನಿಂತಿವೆ. ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಕೂಡಿಕೊಂಡು ಮೇ ತಿಂಗಳಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು.

ಹೊರಡುವುದಕ್ಕೆ ಮೊದಲು ಒಂದು ಪೂರ್ವಸಿದ್ಧತೆ ಬೇಕೆನಿಸಿತು. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ದೇವಸ್ಥಾನವನ್ನೋ, ಭೂತಸ್ಥಾನವನ್ನೋ, ಮಸೀದಿಯನ್ನೋ ಪರಸ್ಥಳದವನ ಕಣ್ಣಿನಿಂದ ನೋಡಿ ಎರಡು ಪುಟ ಬರೆದು ತರಬೇಕೆಂದು ಹೇಳಿದೆ. ಬಂದ ಬರಹಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ದೇವಸ್ಥಾನದಲ್ಲಿ ಒಳಗೆ ಹೋದಂತೆಲ್ಲ ಬೆಳಕು ಕಡಮೆಯಾಗುತ್ತದೆ, ದಾರಿ ಕಿರಿದಾಗುತ್ತದೆ, ಕೊನೆಗೆ ಗರ್ಭಗುಡಿಯ ಕತ್ತಲಲ್ಲಿ ದೀಪದ ಕುಡಿಯಲ್ಲಿ ದೇವರು ಕಾಣುತ್ತಾನೆ; ಭೂತಸ್ಥಾನದಲ್ಲಾದರೋ ಗುಡಿ ಚಿಕ್ಕದು, ಒಳಗೆ ಮಂಚ, ಮೊಗ, ಖಡ್ಗ ಇವಿಷ್ಟೆ, ಆದರೆ ಎದುರಿನ ಅಂಗಳ ದೊಡ್ಡದು; ಏಕೆಂದರೆ ಅಲ್ಲಿ ದೈವ ಮನುಷ್ಯನ ಮೈಯಲ್ಲಿ ಬಂದು ನುಡಿ ಕೊಡುತ್ತದೆ, ಅದನ್ನು ಕೇಳಲು ಊರೇ ನಿಲ್ಲಬೇಕು; ಆದುದರಿಂದ ಒಂದು ಕಡೆ ಕಟ್ಟಡವು ನೋಟಕ್ಕಾಗಿ ಇದೆ, ಇನ್ನೊಂದು ಕಡೆ ನುಡಿಗಾಗಿ ಇದೆ. ಹೀಗೆಂದು ಆ ಹುಡುಗ ಬರೆದಿದ್ದ. ದೇವಶಾಸ್ತ್ರವೆಂಬ ಹೆಸರನ್ನು ಅವನು ಕೇಳಿರಲಿಲ್ಲ. ಆದರೆ ಅವನು ಮಾಡಿದ್ದು ಅದನ್ನೇ. ನೋಟ ಮತ್ತು ನುಡಿ ಎಂಬ ಆ ಎರಡು ಮಾತುಗಳನ್ನೇ ಹಿಡಿದುಕೊಂಡು ನಾವು ಮಂಗಳೂರಿನ ದಾರಿ ಹಿಡಿದೆವು.

ಅದಕ್ಕೆ ಮುಂಚೆ ಒಂದು ಅಡ್ಡಿ ಬಂದಿತ್ತು. ಪ್ರಕಟಣೆ ತಂದಿದ್ದ ಹುಡುಗಿಯ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತಾಡಿ, "ಮಾಸ್ಟ್ರೇ, ಮಕ್ಕಳು ಕನ್ನಡ ಕಲಿಯುವುದಕ್ಕೆ ಇಗರ್ಜಿಗೆ ಯಾಕೆ ಹೋಗಬೇಕು? ನಮ್ಮ ದೇವಸ್ಥಾನಗಳು ಸಾಲದಾ?" ಎಂದು ಕೇಳಿದರು. ಕೇಳಿದ್ದರಲ್ಲಿ ದ್ವೇಷವಿರಲಿಲ್ಲ, ಅಂಜಿಕೆಯಿತ್ತು. ಮತ್ತೆ ಮೆಲ್ಲಗೆ, "ಹಿಂದೆ ಹಾಗೆ ಓದಲು ಹೋದವರು ಮತ ಬಿಟ್ಟದ್ದು ಇಲ್ಲವಾ?" ಎಂದರು.

ಉಂಟು. ಇಲ್ಲವೆಂದು ಹೇಳಿದರೆ ಚರಿತ್ರೆಗೆ ದ್ರೋಹವಾದೀತು. ವಿದೇಶಕ್ಕೆ ಹೋಗಿ ಕ್ರೈಸ್ತ ದೇವಶಾಸ್ತ್ರವನ್ನು ಓದಿ ಮರಳಿದ ಕನ್ನಡ ನಾಡಿನ ಮೊದಲಿಗರಲ್ಲಿ ಒಬ್ಬರು ನಮ್ಮ ಜಿಲ್ಲೆಯವರೇ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು, ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗರ ಪ್ರಭಾವಕ್ಕೆ ಒಳಗಾಗಿ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಇಪ್ಪತ್ತು ತುಂಬದ ತರುಣ ಮನೆಯನ್ನೂ ಜಾತಿಯನ್ನೂ ಕಳೆದುಕೊಂಡು ನಿಂತನು. 1846ರಲ್ಲಿ ಮೊಗ್ಲಿಂಗರ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಸೇರಿ, 1851ರವರೆಗೆ ಅಲ್ಲಿಯೇ ಓದಿ, ಪಾದ್ರಿಯಾಗಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಮುಂದೆ ಇಲ್ಲಿ ಅಧ್ಯಾಪಕರಾದರು. ಕೊಡಗಿನಲ್ಲಿ ದಲಿತ ಕ್ರೈಸ್ತರಿಗೆಂದು ನೆಲೆಗೊಂಡ ಆನಂದಪುರದ ಕೆಲಸದಲ್ಲಿ ಕೈಗೂಡಿಸಿದರು. 1860ರಲ್ಲಿ ಜರ್ಮನಿಯ ಮಾರಿ ರೈನ್‌ಹಾರ್ಟ್ ಎಂಬವರನ್ನು ಮದುವೆಯಾದರು, 1893ರಲ್ಲಿ ತೀರಿಕೊಂಡರು. ಹೆತ್ತವರ ದೃಷ್ಟಿಯಿಂದ ನೋಡಿದರೆ ಈ ಕಥೆ ಅಂಜಿಕೆ ಹುಟ್ಟಿಸುವಂಥದೇ ಸರಿ.

ಆದರೆ ಅದೇ ಕಾಲದ, ಅದೇ ಸಂಸ್ಥೆಯ ಇನ್ನೊಂದು ಕಥೆಯನ್ನೂ ಆ ಹಿರಿಯರಿಗೆ ಹೇಳಿದೆ. ಕೌಂಡಿನ್ಯರನ್ನು ಕರೆದೊಯ್ದ ಮೊಗ್ಲಿಂಗರೇ 1848ರಿಂದ 1853ರ ವರೆಗಿನ ಅವಧಿಯಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಬಾಸೆಲಿನಲ್ಲಿಯೇ ಓದಿ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಜೈನ ಕವಿಗಳನ್ನೂ ವೀರಶೈವ ಕವಿಗಳನ್ನೂ ಹರಿದಾಸರನ್ನೂ ಒಂದು ಜೀವಮಾನವಿಡೀ ಓದಿದ ಕಿಟ್ಟೆಲರು ಜೈನರಾಗಲಿಲ್ಲ, ವೀರಶೈವರಾಗಲಿಲ್ಲ. ಪಾದ್ರಿಯಾಗಿಯೇ 1903ರಲ್ಲಿ ಕಣ್ಣು ಮುಚ್ಚಿದರು. ಇವರೆಲ್ಲ ಇಲ್ಲಿಗೆ ಬಂದ ಉದ್ದೇಶ ಮತಪ್ರಸಾರವೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ಪರರ ಗ್ರಂಥವನ್ನು ಓದತೊಡಗಿದ್ದು ಆ ಉದ್ದೇಶದಿಂದಲೇ ಇರಬಹುದು. ಓದುತ್ತ ಓದುತ್ತ ಅದರ ಮೇಲೆ ಬೆಳೆದ ಶ್ರದ್ಧೆ ಮಾತ್ರ ಆ ಉದ್ದೇಶವನ್ನು ಮೀರಿದ್ದು. ಓದುವುದು ಬೇರೆ, ಒಪ್ಪುವುದು ಬೇರೆ. ನಮ್ಮ ಗ್ರಂಥಗಳನ್ನು ಓದಿ ತಮ್ಮ ನಂಬಿಕೆಯಲ್ಲಿ ಅವರು ನಿಲ್ಲಬಲ್ಲವರಾದರೆ, ಅವರ ಗೋಡೆಗಳನ್ನು ಓದಿ ನಮ್ಮ ಮಕ್ಕಳು ತಮ್ಮ ನಂಬಿಕೆಯಲ್ಲಿ ನಿಲ್ಲಲಾರರೇ?

ಆ ಹಿರಿಯರು ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹಾಗಾದರೆ ನಾನೂ ಬರ್ತೇನೆ. ನೋಡುವ" ಎಂದರು. ಅವರು ಬಂದದ್ದರಿಂದ ನಮ್ಮ ವ್ಯಾಸಂಗಕ್ಕೆ ಲಾಭವೇ ಆಯಿತು.

ಮೊದಲು ಹೋದದ್ದು ಬಾವುಟಗುಡ್ಡಕ್ಕೆ. ಬೆಳ್ಳಾರೆಯವರಿಗೆ ಆ ಗುಡ್ಡ ಪರಸ್ಥಳವಲ್ಲ. 1837ರಲ್ಲಿ, ಕಂದಾಯವನ್ನು ನಗದಾಗಿಯೇ ತೆರಬೇಕೆಂದು ಕಂಪೆನಿ ಸರಕಾರ ಪಟ್ಟು ಹಿಡಿದ ಕಾಲದಲ್ಲಿ, ಅಮರ ಸುಳ್ಯದ ರೈತರು ದಂಗೆಯೆದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದು, ಏಪ್ರಿಲ್ ತಿಂಗಳಲ್ಲಿ ಇದೇ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರು. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಬಾಸೆಲಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ನಮ್ಮ ರೈತರು ಈ ಗುಡ್ಡವನ್ನು ಹತ್ತಿದಾಗ ಅವರು ಬಂದು ಮೂರು ವರ್ಷ ತುಂಬಿರಲಿಲ್ಲ. ಒಂದು ಗುಡ್ಡ ಎಷ್ಟು ಕಥೆಗಳನ್ನು ಹೊರಬಲ್ಲುದೆಂದು ವಿದ್ಯಾರ್ಥಿಗಳು ಅಲ್ಲಿಯೇ ನಿಂತು ಯೋಚಿಸಿದರು.

ಇದೇ ಗುಡ್ಡದ ಮೇಲೆ, 1880ರಲ್ಲಿ ಯೇಸುಸಭೆಯ ಪಾದ್ರಿಗಳು ಸ್ಥಾಪಿಸಿದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಆವರಣದಲ್ಲಿ, ಅದರ ಪ್ರಾರ್ಥನಾಮಂದಿರವಿದೆ. ಹೊರಗಿನಿಂದ ನೋಡಿದವರಿಗೆ ಒಳಗೆ ಇಂಥದೊಂದು ಲೋಕವಿದೆಯೆಂದು ಗೊತ್ತಾಗುವುದಿಲ್ಲ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಮಾಳಿಗೆ ಎಲ್ಲೆಲ್ಲೂ ಚಿತ್ರ. ಇದನ್ನು ಬರೆದವನು ಇಟಲಿಯ ಬೆರ್ಗಾಮೊ ಬಳಿಯ ಸ್ತೆಜ್ಜಾನೊ ಗ್ರಾಮದಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೇನಿ. ಚಿತ್ರಕಲೆಯನ್ನು ಕ್ರಮವಾಗಿ ಕಲಿತು, 1889ರಲ್ಲಿ ಯೇಸುಸಭೆಯನ್ನು ಸೇರಿ, 1898ರಲ್ಲಿ ಮಂಗಳೂರಿಗೆ ಬಂದನು. ಸುಮಾರು ಎರಡೂವರೆ ವರ್ಷಗಳ ದುಡಿಮೆಯಲ್ಲಿ 1901ರ ಹೊತ್ತಿಗೆ ಈ ಮಂದಿರವನ್ನು ಚಿತ್ರಮಯ ಮಾಡಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಊರಿಗೆ ಹಿಂತಿರುಗಲೇ ಇಲ್ಲ.

ಗೋಡೆಯ ಚಿತ್ರಗಳು ಫ್ರೆಸ್ಕೊ ಎಂಬ ಕ್ರಮದವು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದುದರಿಂದ ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಮಾಳಿಗೆಯ ಚಿತ್ರಗಳಾದರೋ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದವು. ಇದನ್ನು ವಿವರಿಸುತ್ತಿದ್ದಾಗ ನಮ್ಮ ಜೊತೆಗಿದ್ದ ಕೃಷಿಕರು ಮಾಳಿಗೆಯನ್ನೇ ನೋಡುತ್ತಿದ್ದವರು, "ನಮ್ಮ ಮಳೆಗಾಲದಲ್ಲಿ ಸುಣ್ಣದ ಗೋಡೆ ಬೆವರುತ್ತದೆ. ಈ ಬಣ್ಣ ಹೇಗೆ ನಿಂತಿತು?" ಎಂದರು. ಅಂದು ಕೇಳಿದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಅದೇ. ಇಟಲಿಯ ಒಣ ಹವೆಯಲ್ಲಿ ಬೆಳೆದ ಕಲೆಯೊಂದು ಕರಾವಳಿಯ ಮಳೆಯನ್ನು ತಾಳಿಕೊಳ್ಳುವುದು ಸುಲಭವಲ್ಲ. ತೇವವೇ ಇದರ ನಿತ್ಯದ ಶತ್ರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಇದನ್ನು ಶುಚಿಗೊಳಿಸಿ ಸರಿಪಡಿಸಿದ್ದರಿಂದಲೇ ಇಂದು ನಾವು ಇಷ್ಟನ್ನು ನೋಡುತ್ತೇವೆ.

ಕ್ರಮ ನೋಡಿರಿ. ಮಾಳಿಗೆಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊಂಜಾಗನ ಜೀವನ. ಸಿರಿವಂತರ ಮನೆಯಲ್ಲಿ ಹುಟ್ಟಿ, ಸಿರಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಸತ್ತವನು ಆತ. ಇಳಿಜಾರಿನ ಭಾಗದಲ್ಲಿ ಯೇಸುವಿನ ಅಪೊಸ್ತಲರು. ಗೋಡೆಯ ಕಮಾನುಗಳಲ್ಲಿ ಸಭೆಯ ಸಂತರು. ಹಿಂದಿನ ಗೋಡೆಯಲ್ಲಿ ಮಕ್ಕಳೊಡನೆ ಕುಳಿತ ಯೇಸು. ಕಲಿಯಲು ಬಂದ ಹುಡುಗರ ಸುತ್ತ ಎಷ್ಟು ಮಂದಿ ನಿಂತಿದ್ದಾರೆ! ಕ್ಯಾಥೊಲಿಕ್ ದೇವಶಾಸ್ತ್ರದಲ್ಲಿ 'ಸಂತರ ಸಹಭಾಗಿತ್ವ' ಎಂಬ ಒಂದು ನಂಬಿಕೆಯಿದೆ. ಭೂಮಿಯ ಮೇಲೆ ಪ್ರಾರ್ಥಿಸುವವನು ಒಬ್ಬಂಟಿಗನಲ್ಲ. ತೀರಿಕೊಂಡ ಪುಣ್ಯಾತ್ಮರೂ ಅವನ ಜೊತೆಗಿದ್ದಾರೆ, ಅವನಿಗಾಗಿ ಬೇಡುತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. ಮೊಸ್ಕೇನಿ ಆ ನಂಬಿಕೆಯನ್ನು ಗೋಡೆಗಳಿಗೆ ಹಚ್ಚಿದನು. ಕಣ್ಣೆತ್ತಿದ ಕಡೆಯೆಲ್ಲ ಒಂದು ಮುಖ ಕಾಣಬೇಕು. ಎಲ್ಲ ಮುಖಗಳೂ ಕೊನೆಗೆ ಬಲಿಪೀಠದ ಕಡೆಗೆ ನಮ್ಮನ್ನು ತಿರುಗಿಸಬೇಕು. ಇದು ನೋಟದ ಮನೆ.

ಮರುದಿನ ಬೆಳಗ್ಗೆ ಬಲ್ಮಠಕ್ಕೆ ನಡೆದೆವು. ಅಲ್ಲಿಯ ಶಾಂತಿ ದೇವಾಲಯ ಬಾಸೆಲ್ ಮಿಶನ್ನಿನ ಕಾಲದ್ದು, 1862ರಷ್ಟು ಹಳೆಯದು. ಈಗ ದಕ್ಷಿಣ ಭಾರತ ಸಭೆಗೆ ಸೇರಿದೆ. ನಿನ್ನೆಯ ಬಣ್ಣಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದ ಹುಡುಗರು ಒಳಗೆ ಹೋದವರೇ ಸುತ್ತ ನೋಡಿ ಸುಮ್ಮನಾದರು. ಗೋಡೆಗಳ ಮೇಲೆ ಸಂತರಿಲ್ಲ, ಅವರ ಕಥೆಗಳಿಲ್ಲ. "ಇಲ್ಲಿ ನೋಡುವುದಕ್ಕೆ ಏನೂ ಇಲ್ಲವಲ್ಲ, ಸರ್" ಎಂದು ಒಬ್ಬನೆಂದ. ಭೂತಸ್ಥಾನದ ಬಗ್ಗೆ ಬರೆದಿದ್ದ ಹುಡುಗ ಪ್ರಸಂಗಪೀಠದ ಕಡೆಗೆ ಕೈ ತೋರಿಸಿ, "ಇದು ಕೇಳುವ ಜಾಗ" ಎಂದ. ನಾನು ಮತ್ತೇನನ್ನೂ ವಿವರಿಸಬೇಕಾಗಲಿಲ್ಲ.

ಈ ಬರಿಗೋಡೆಯ ಮೂಲವನ್ನು ತಿಳಿಯಬೇಕಾದರೆ ಕೌಂಡಿನ್ಯರು ಓದಿದ ನಗರಕ್ಕೇ ಹೋಗಬೇಕು. ಬಾಸೆಲಿನಲ್ಲಿ ರೈನ್ ನದಿಯ ಮೇಲಣ ದಿಬ್ಬದಲ್ಲಿ ಕೆಂಪು ಮರಳುಗಲ್ಲಿನ ಒಂದು ಹಿರಿಯ ದೇವಾಲಯವಿದೆ. ಒಂದು ಕಾಲದಲ್ಲಿ ಅಲ್ಲಿಯೂ ಸಂತರ ಪ್ರತಿಮೆಗಳೂ ಚಿತ್ರಗಳೂ ತುಂಬಿದ್ದವು. ಲೂಥರನು ತೊಡಗಿದ ಮತಸುಧಾರಣೆಯ ಅಲೆ ಆ ನಗರವನ್ನು ಮುಟ್ಟಿದಾಗ, 1529ರ ಫೆಬ್ರವರಿಯಲ್ಲಿ, ಜನರು ಒಳಗೆ ನುಗ್ಗಿ ಪ್ರತಿಮೆಗಳನ್ನು ಒಡೆದರು, ಚಿತ್ರಗಳನ್ನು ಸುಟ್ಟರು. ದೇವರಿಗೂ ಭಕ್ತನಿಗೂ ನಡುವೆ ಗ್ರಂಥದ ವಾಕ್ಯವಿದ್ದರೆ ಸಾಕು, ಚಿತ್ರ ಪ್ರತಿಮೆಗಳು ಅಡ್ಡವಾಗುತ್ತವೆ ಎಂಬುದು ಅವರ ನಂಬಿಕೆ. ಕಲೆಯ ದೃಷ್ಟಿಯಿಂದ ಅದು ದೊಡ್ಡ ನಷ್ಟ. ಅದೇ ನಗರ ಯೂರೋಪಿನ ಮುದ್ರಣದ ಹಿರಿಯ ಕೇಂದ್ರಗಳಲ್ಲಿ ಒಂದಾಗಿತ್ತು ಎಂಬುದನ್ನೂ ನೆನೆಯಬೇಕು. ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಅಚ್ಚಾದದ್ದು ಅಲ್ಲಿ. ಕ್ಯಾಲ್ವಿನ್ನನ ಪ್ರಸಿದ್ಧ ದೇವಶಾಸ್ತ್ರ ಗ್ರಂಥ 1536ರಲ್ಲಿ ಮೊದಲು ಹೊರಬಿದ್ದದ್ದೂ ಅಲ್ಲಿ. ಚಿತ್ರವನ್ನು ಹೊರಗೆ ಹಾಕಿದ ಊರು ಅಕ್ಷರವನ್ನು ಒಳಗೆ ಕರೆಯಿತು.

1815ರಲ್ಲಿ ಆ ಊರಿನಲ್ಲಿ ಸ್ಥಾಪಿತವಾದ ಮಿಶನ್ ಇಲ್ಲಿಗೆ ಬಂದಾಗ ಆ ಸ್ವಭಾವವನ್ನೂ ಹೊತ್ತು ತಂದಿತು. ಚಿತ್ರಗಾರನನ್ನು ತರುವ ಅಗತ್ಯ ಅದಕ್ಕೆ ಕಾಣಲಿಲ್ಲ. ಅಚ್ಚುಕೂಟವನ್ನು ತೆರೆಯದೆ ಇರಲು ಅದಕ್ಕೆ ಸಾಧ್ಯವಿರಲಿಲ್ಲ. ಜನರು ವಾಕ್ಯವನ್ನು ಕೇಳಬೇಕಾದರೆ ಅದು ಅವರ ಭಾಷೆಯಲ್ಲಿರಬೇಕು. ಭಾಷೆಯಲ್ಲಿ ಹೇಳಬೇಕಾದರೆ ಅದರ ಶಬ್ದಗಳನ್ನೂ ವ್ಯಾಕರಣವನ್ನೂ ಗಾದೆಗಳನ್ನೂ ಬಲ್ಲವರಾಗಿರಬೇಕು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಮುದ್ರಣಾಲಯ ತೊಡಗಿತು. 1843ರ ಜುಲೈ 1ರಂದು ಮೊಗ್ಲಿಂಗರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1847ರಲ್ಲಿ ಬಲ್ಮಠದಲ್ಲಿ ದೇವಶಾಸ್ತ್ರದ ಶಾಲೆ ಏರ್ಪಟ್ಟಿತು. ಅದು ತುಮಕೂರಿನ ಸೆಮಿನರಿಯೊಂದಿಗೆ ಕೂಡಿ 1965ರಿಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರಿನಲ್ಲಿ ಅದೇ ಗುಡ್ಡದ ಮೇಲೆ ಇಂದೂ ನಡೆಯುತ್ತಿದೆ. ಕಡೆಗೆ 1894ರಲ್ಲಿ, ಸುಮಾರು 70,000 ಶಬ್ದಗಳ ಕಿಟ್ಟೆಲ್ ಕೋಶ ಮಂಗಳೂರಿನ ಆ ಮುದ್ರಣಾಲಯದಿಂದಲೇ ಹೊರಬಂದಿತು. ಬಲ್ಮಠದ ಗೋಡೆ ಬರಿದಾಗಿರುವುದಕ್ಕೂ ಕಿಟ್ಟೆಲ್ ಕೋಶ ತುಂಬಿರುವುದಕ್ಕೂ ಕಾರಣ ಒಂದೇ. ಆ ಗೋಡೆಯ ಎದುರಿನಲ್ಲಿ ನಿಲ್ಲುವವರೆಗೆ ಕನ್ನಡ ಎಂ.ಎ. ಓದಿದವನಿಗೂ ಇದು ಹೊಳೆಯುವುದು ಕಷ್ಟ. ಕೋಶವನ್ನು ನಾವು ದಿನವೂ ತೆರೆಯುತ್ತೇವೆ; ಅದು ಯಾವ ಮನೆಯಲ್ಲಿ ಹುಟ್ಟಿತೆಂದು ಕೇಳುವುದಿಲ್ಲ.

ಈ ಮಾತನ್ನು ಗೆರೆ ಎಳೆದಂತೆ ಹೇಳಿಬಿಟ್ಟರೆ ಸತ್ಯಕ್ಕೆ ಅನ್ಯಾಯವಾಗುತ್ತದೆ. ನೋಟದ ಮನೆಯವರು ನುಡಿಯನ್ನು ಕಡೆಗಣಿಸಿದವರಲ್ಲ. ಮಂಗಳೂರಿನಲ್ಲಿದ್ದ ಯೇಸುಸಭೆಯ ಮಫೇಯಿ ಪಾದ್ರಿಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ಕೋಶವನ್ನೂ ರಚಿಸಿದರು. ಅವು ಅಚ್ಚಾದದ್ದು ಎಲ್ಲಿ? ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿಯೇ! ಯೂರೋಪಿನಲ್ಲಿ ಶತಮಾನಗಳ ಕಾಲ ಹೋರಾಡಿದ ಎರಡು ಪಂಥಗಳು ಮಂಗಳೂರಿನಲ್ಲಿ ಒಂದೇ ಅಚ್ಚಿನ ಮೊಳೆಗಳನ್ನು ಹಂಚಿಕೊಂಡವು. ಹಾಗೆಯೇ ಕಟ್ಟಡದ ವಿದ್ಯೆಯಲ್ಲಿ ಬರಿಗೋಡೆಯವರು ಹಿಂದೆ ಬೀಳಲಿಲ್ಲ. 1865ರಲ್ಲಿ ಜಪ್ಪುವಿನಲ್ಲಿ ಬಾಸೆಲಿನ ಪ್ಲೆಬ್ಸ್ಟ್ ತೊಡಗಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹೆಂಚು ಇಗರ್ಜಿಯನ್ನೂ ಮಸೀದಿಯನ್ನೂ ದೇವಸ್ಥಾನವನ್ನೂ ಬೇಧವೆಣಿಸದೆ ಹೊದೆಸಿತು. ಬೆಳ್ಳಾರೆಯ ಸುತ್ತಿನ ಎಷ್ಟೋ ಹಳೆಯ ಮನೆಗಳ ಮಾಡಿನಲ್ಲಿ, ಭೂತಸ್ಥಾನಗಳ ಚಾವಡಿಯಲ್ಲಿ, ಮುಳಿಹುಲ್ಲಿನ ಜಾಗಕ್ಕೆ ಬಂದದ್ದು ಈ ಹೆಂಚಿನ ಪರಂಪರೆಯೇ.

ಇನ್ನೊಂದು ವಿಚಾರ. ನೋಟ ಮತ್ತು ನುಡಿಯ ಈ ತೊಡಕು ಕ್ರೈಸ್ತರಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಶರಣರು ಕಲ್ಲಿನ ಗುಡಿಯನ್ನು ಸಂಶಯದಿಂದ ಕಂಡರು. ಕಟ್ಟಿದ್ದು ಅಳಿಯುತ್ತದೆ ಎಂದರು. ಅವರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ ಯಾವುದು? ವಚನ, ಎಂದರೆ ಮಾತು. ಅದೇ ಶತಮಾನದಲ್ಲಿ ಹೊಯ್ಸಳರು ಬೇಲೂರಿನ ಕಲ್ಲನ್ನು ಕಥೆಯಾಗಿಸಿದರು. ಒಂದೇ ನಾಡು, ಒಂದೇ ಕಾಲ. ಒಬ್ಬರು ಕಲ್ಲನ್ನು ನಂಬಿದರು, ಇನ್ನೊಬ್ಬರು ಮಾತನ್ನು ನಂಬಿದರು. ಬೇಲೂರನ್ನೂ ವಚನವನ್ನೂ ಬಲ್ಲ ಕನ್ನಡಿಗನಿಗೆ ಅಲೋಶಿಯಸ್ ಮಂದಿರವೂ ಬಲ್ಮಠವೂ ಪರಕೀಯವಾಗಬೇಕಾದ್ದಿಲ್ಲ. ತಿರುಗಿಸಿ ಹೇಳುವುದಾದರೆ, ಆ ಎರಡು ಗುಡ್ಡಗಳನ್ನು ಹತ್ತಿಳಿದ ಮೇಲೆ ನಮ್ಮ ವಿದ್ಯಾರ್ಥಿಗಳಿಗೆ ಶರಣರ ಸಿಟ್ಟು ಏನೆಂಬುದು ಮೊದಲಿಗಿಂತ ಚೆನ್ನಾಗಿ ತಿಳಿಯಿತು. ಕಡೆಯ ದಿನದ ಚರ್ಚೆಯಲ್ಲಿ ಕ್ರೈಸ್ತರ ವಿಚಾರಕ್ಕಿಂತ ವಚನಗಳ ವಿಚಾರವೇ ಹೆಚ್ಚಾಗಿ ಬಂದಿತು. ನಮ್ಮ ಜೊತೆಗಿದ್ದ ತಂದೆ ಮಗಳಿಗೆ, "ದೇವರು ಕಾಣುವವನೋ, ಕೇಳುವವನೋ ಎಂದು ಎಲ್ಲರಿಗೂ ಒಂದೇ ಚಿಂತೆ" ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು.

ನಮ್ಮ ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಅರಿಕೆ. ಬೇಸಗೆಯ ಇಂಥ ವ್ಯಾಸಂಗವನ್ನು ಯಾವ ಊರಿನವರೂ ನಡೆಸಬಹುದು. ಬೇಕಾದದ್ದು ಸ್ವಲ್ಪವೇ: ಬೆಳಗ್ಗೆಗೆ ಒಂದು ಗ್ರಂಥ, ಮಧ್ಯಾಹ್ನಕ್ಕೆ ಒಂದು ಕಟ್ಟಡ, ಆ ಕಟ್ಟಡದಲ್ಲಿ ನಿತ್ಯ ಪ್ರಾರ್ಥಿಸುವ ಒಬ್ಬ ಹಿರಿಯರು. ಈ ಮೂರನೆಯದನ್ನು ಬಿಡಬಾರದು. ಪರರ ನಂಬಿಕೆಯನ್ನು ನಾವೇ ವಿವರಿಸಿಕೊಂಡು ಹೊರಟರೆ ಅದು ನಮಗೆ ಬೇಕಾದ ಆಕಾರವನ್ನು ತಾಳಿಬಿಡುತ್ತದೆ. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ. ಅದರ ಪಕ್ಕದಲ್ಲಿ ಇಟ್ಟು ಓದಲು ರತ್ನಾಕರವರ್ಣಿಯಿದ್ದಾನೆ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಮೊದಲು ಎದ್ದದ್ದು 1680ರಲ್ಲಿ, ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದ ಕಾಲದಲ್ಲಿ. ವೀರಶೈವ ರಾಣಿಯ ಸೀಮೆಯಲ್ಲಿ ಕ್ಯಾಥೊಲಿಕರ ದೇವಾಲಯ ನೆಲೆ ನಿಂತ ಬಗೆಯನ್ನು ಓದುವುದಕ್ಕೆ ಒಂದು ಬೇಸಗೆ ಸಾಲದು.

ಹಾಗಾದರೆ ಪರದೇಶಕ್ಕೆ ಹೋಗುವುದೇ ಬೇಡವೇ? ಬೇಡವೆಂದು ನಾನು ಹೇಳುವುದಿಲ್ಲ. ಬಾಸೆಲ್ ಮಿಶನ್ನಿನ ಹಳೆಯ ದಾಖಲೆಗಳ ಭಂಡಾರ ಇಂದಿಗೂ ಬಾಸೆಲಿನಲ್ಲಿದೆ. ಮಂಗಳೂರು, ಧಾರವಾಡ, ಕೊಡಗುಗಳಿಂದ ಪಾದ್ರಿಗಳು ಬರೆದು ಕಳುಹಿಸಿದ ಕಾಗದಗಳೂ ವರದಿಗಳೂ ಅಲ್ಲಿ ಹಳೆಯ ಜರ್ಮನ್ ಕೈಬರಹದಲ್ಲಿ ಇವೆ. ನಮ್ಮ ಊರುಗಳ ಬರಗಾಲ, ಜಾತ್ರೆ, ಜಗಳ, ಗಾದೆ ಎಲ್ಲವನ್ನೂ ಪರಸ್ಥಳದವರ ಕಣ್ಣಿನಿಂದ ಕಾಣಬೇಕಾದರೆ ಆ ಬರಹವನ್ನು ಓದಬಲ್ಲ ಕನ್ನಡಿಗರು ಬೇಕು. ಅಂಥವರು ಬೆರಳೆಣಿಕೆಯಷ್ಟು. ಪ್ರಕಟಣೆಯನ್ನು ತಂದ ಆ ವಿದ್ಯಾರ್ಥಿನಿ ಜೂನ್ ತಿಂಗಳಿನಿಂದ ಜರ್ಮನ್ ಕಲಿಯತೊಡಗಿದ್ದಾಳೆ. ವಾರಕ್ಕೆರಡು ಪಾಠ, ಮನೆಯಲ್ಲಿ ತಂದೆಯ ಅಡ್ಡಿಯಿಲ್ಲ. ನಾಲ್ಕೈದು ವರ್ಷಗಳ ಮೇಲೆ ವಿದ್ಯಾರ್ಥಿವೇತನದ ನೆರವಿನಿಂದ ಆಕೆ ಬಾಸೆಲಿಗೆ ಹೋಗಬಹುದು, ಹೋಗದೆಯೂ ಇರಬಹುದು. ಹೋದರೆ ಅಲ್ಲಿಯ ಕೆಂಪುಕಲ್ಲಿನ ದೇವಾಲಯದ ಬರಿಗೋಡೆಯ ಮುಂದೆ ನಿಂತು, ಇದರಿಂದ ನನ್ನ ಭಾಷೆಗೆ ಒಂದು ಕೋಶ ಬಂದಿತು ಎಂದು ಆಕೆಗೆ ತಿಳಿದಿರುತ್ತದೆ.